ವಾರಕ್ಕೊಮ್ಮೆ ಮಾತ್ರ ರೇಂಜಿಗೆ ಹೋಗಲು ಆಗುವುದಾದರೆ ಪಿಸ್ತೂಲ್ ಶೂಟಿಂಗ್ ಮರೆಯದಂತೆ ನೋಡಿಕೊಳ್ಳುವುದು ಹೇಗೆ?

ಕಾಲೇಜಿನಲ್ಲಿ 10 ಮೀಟರ್ ಏರ್ ಪಿಸ್ತೂಲ್ ಆಡುತ್ತಿದ್ದಿರಿ, ಈಗ ಕೆಲಸದ ನಡುವೆ ಭಾನುವಾರ ಮಾತ್ರ ಬಿಡುವು ಎಂದು ಬರೆದಿದ್ದೀರಿ. ಭಾನುವಾರ ಒಂದೇ ಸಾಕು, ಉಳಿದ ದಿನಗಳಲ್ಲಿ ಮನೆಯಲ್ಲೇ ಪೆಲೆಟ್ (ಏರ್ ಪಿಸ್ತೂಲಿನ ಸಣ್ಣ ಗುಂಡು) ಇಲ್ಲದೆ ಅಭ್ಯಾಸ ಮಾಡುವುದಾದರೆ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ದಿನಾ ರೇಂಜಿಗೆ ಹೋಗುವ ಆಸೆಯನ್ನು ನಾನೂ ಬಿಟ್ಟಿದ್ದೇನೆ, ಹೀಗೇ ನಡೆಯುತ್ತಿದೆ.

ಅಭ್ಯಾಸ ತಪ್ಪಿದಾಗ ಮೊದಲು ಕೆಡುವುದು ಟ್ರಿಗರ್ ಎಳೆಯುವ ಬೆರಳು. ಕೈ ನಡುಗುತ್ತದೆ ಎಂದೇ ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ, ಅಲ್ವಾ? ಲೆಕ್ಕ ಹಾಕಿ ನೋಡಿ. ಟಾರ್ಗೆಟ್‌ನ ನಡುವೆ ಹತ್ತು ಅಂಕ ಸಿಗುವ ವೃತ್ತದ ಅಗಲ 11.5 ಮಿಲಿಮೀಟರ್. ತೋಳು ಪೂರ್ತಿಯಾಗಿ ನಾಲ್ಕೈದು ಮಿಲಿಮೀಟರ್ ಅಲುಗಾಡಿದರೂ ಗುಂಡು ಅಷ್ಟೇ ಸರಿಯುತ್ತದೆ, ಹತ್ತು ತಪ್ಪುವುದಿಲ್ಲ. ಆದರೆ ಗುರಿ ಹಿಡಿಯಲು ಪಿಸ್ತೂಲಿನ ಮೇಲೆ ಎರಡು ಸೈಟುಗಳಿರುತ್ತವೆ, ಹಿಂದಿನ ಸೈಟಿಗೂ ಮುಂದಿನ ಸೈಟಿಗೂ ನಡುವೆ ಇರುವುದು ಒಂದಡಿಗಿಂತ ಸ್ವಲ್ಪ ಜಾಸ್ತಿ. ಬೆರಳು ಜಗ್ಗಿ ಮುಂದಿನ ಸೈಟು ಒಂದೇ ಒಂದು ಮಿಲಿಮೀಟರ್ ಸರಿದರೆ, ಟಾರ್ಗೆಟ್‌ನಲ್ಲಿ ಅದು ಸುಮಾರು ಮೂರು ಸೆಂಟಿಮೀಟರ್. ಹತ್ತು ಬರಬೇಕಾದಲ್ಲಿ ಏಳು!

ಹಾಗಾಗಿ ಮನೆಯಲ್ಲಿ ಖಾಲಿ ಬಿಳಿ ಗೋಡೆಯ ಮುಂದೆ ನಿಂತು ಡ್ರೈ ಫೈರ್ ಮಾಡಿ, ಅಂದರೆ ಪೆಲೆಟ್ ಇಲ್ಲದೆ ಬರೀ ಟ್ರಿಗರ್ ಒತ್ತಿ. ಗೋಡೆಗೆ ಕಪ್ಪು ಚುಕ್ಕೆ ಅಂಟಿಸಬೇಡಿ. ಚುಕ್ಕೆ ಕಂಡರೆ ಕಣ್ಣು ಅಲ್ಲಿಗೇ ಓಡುತ್ತದೆ. ಮುಂದಿನ ಸೈಟನ್ನೇ ನೋಡುತ್ತಾ ನಿಧಾನವಾಗಿ ಟ್ರಿಗರ್ ಒತ್ತಿ. ಕ್ಲಿಕ್ ಎಂದಮೇಲೂ ಒಂದೆರಡು ಸೆಕೆಂಡ್ ಕೈ ಇಳಿಸದೆ, ಸೈಟು ಅಲುಗಾಡಿತೇ ಎಂದು ಗಮನಿಸಿ. ದಿನಕ್ಕೆ ಹದಿನೈದು ನಿಮಿಷ ಸಾಕು. ಸುಸ್ತಾದಮೇಲೆ ಮಾಡಿದರೆ ತಪ್ಪೇ ರೂಢಿಯಾಗುತ್ತದೆ. ಶುರು ಮಾಡುವ ಮುಂಚೆ ಪೆಲೆಟ್ ಇಲ್ಲವೆಂದು ಎರಡು ಸಲ ನೋಡಿ. ಗೋಡೆಯ ಆಚೆ ಕಡೆ ಯಾರಿದ್ದಾರೆ ಎಂಬುದೂ ತಲೆಯಲ್ಲಿರಲಿ.

ಟ್ರಿಗರ್ ಮುಟ್ಟದೆ ಸುಮ್ನೆ ಪಿಸ್ತೂಲ್ ಎತ್ತಿ ಹಿಡಿಯುವುದೂ ಬೇಕು. ಎಂಟು ಹತ್ತು ಸೆಕೆಂಡ್ ಹಿಡಿದು ಇಳಿಸಿ, ಉಸಿರಾಡಿ, ಮತ್ತೆ ಎತ್ತಿ. ಪಿಸ್ತೂಲಿನ ತೂಕ ಒಂದು ಕಿಲೋ ಆಸುಪಾಸು ಅಷ್ಟೇ, ಆದರೂ ಅರವತ್ತು ಗುಂಡು ಮುಗಿಯುವ ಹೊತ್ತಿಗೆ ಭುಜ ಸೋಲುತ್ತದೆ. ಜಿಮ್ಮಿನಲ್ಲಿ ಭಾರದ ಡಂಬೆಲ್ ಎತ್ತಿದರೆ ಆಗುತ್ತದೆ ಎನ್ನುವವರಿದ್ದಾರೆ, ನನಗೆ ನಂಬಿಕೆಯಿಲ್ಲ.

ಇನ್ನು ಭಾನುವಾರ. ಹೋದ ತಕ್ಷಣ ಸ್ಕೋರ್ ಬರೆಯಲು ಕೂರಬೇಡಿ. ಪೇಪರ್ ಟಾರ್ಗೆಟ್ ಆದರೆ ತಿರುಗಿಸಿ ಹಾಕಿ, ಹಿಂಬದಿಯ ಬಿಳಿ ಮೇಲೆ ಹೊಡೆಯಿರಿ. ಗುಂಡುಗಳು ಒಂದೇ ಕಡೆ ಗುಂಪಾಗಿ ಬಿದ್ದರೆ ವಾರದ ಮನೆಕೆಲಸ ಫಲ ಕೊಟ್ಟಿದೆ ಎಂದರ್ಥ. ಗುಂಪು ಎಡಕ್ಕೋ ಬಲಕ್ಕೋ ಇದ್ದರೆ ಅದಕ್ಕೆ ಸೈಟಿನ ಸ್ಕ್ರೂ ಇದೆ. ಚೆಲ್ಲಾಪಿಲ್ಲಿಯಾದರೆ ಸ್ಕ್ರೂ ಮುಟ್ಟಬೇಡಿ, ಮತ್ತೆ ಗೋಡೆಯೇ ಗತಿ.

ಕೊನೆಗೆ ಪಂದ್ಯದ ಹಾಗೆ ಒಂದಷ್ಟು ಹೊಡೆಯಿರಿ. ಪಂದ್ಯದಲ್ಲಿ 60 ಗುಂಡಿಗೆ 75 ನಿಮಿಷ ಕೊಡುತ್ತಾರೆ, ಅಂದರೆ ಒಂದಕ್ಕೆ ಒಂದೂಕಾಲು ನಿಮಿಷ. ಹಿಡಿತ ಸರಿ ಬರದಿದ್ದರೆ ಹೊಡೆಯದೆ ಕೈ ಇಳಿಸಲು ಧಾರಾಳ ಸಮಯವಿದೆ. ಹಾಗೆ ಇಳಿಸುವುದನ್ನೂ ಅಭ್ಯಾಸ ಮಾಡಿ. ಪಕ್ಕದ ಲೇನಿನವರು ಪಟಪಟ ಹೊಡೆಯುತ್ತಿರುವಾಗ ಅದು ಇನ್ನೂ ಕಷ್ಟ.