ಆರ್ಕೆಸ್ಟ್ರಾಗೆ ರಿದಮ್ ಪ್ಯಾಡ್: ರೋಲ್ಯಾಂಡ್ ಎಸ್‌ಪಿಡಿ-30 ತಗೊಳ್ಳಲಾ, ಎಸ್‌ಪಿಡಿ-ಎಸ್‌ಎಕ್ಸ್ ತಗೊಳ್ಳಲಾ?

ಆರತಕ್ಷತೆ, ಗಣೇಶೋತ್ಸವದ ರಸಮಂಜರಿ ಎಂದು ಓಡಾಡುವ ಸಣ್ಣ ತಂಡ, ಡ್ರಮ್ ಸೆಟ್ ಹೊತ್ತು ಸಾಕಾಗಿದೆ, ಅದರ ಬದಲು ಕಡ್ಡಿಯಲ್ಲಿ ಬಡಿದರೆ ಡ್ರಮ್, ತಬಲಾ ಸದ್ದು ಕೊಡುವ ಈ ಎರಡು ಎಲೆಕ್ಟ್ರಾನಿಕ್ ಪ್ಯಾಡ್‌ಗಳಲ್ಲಿ ಯಾವುದು ತಗೊಳ್ಳಲಿ ಎಂದು ಕೇಳಿದ್ದೀರಿ. ನಾನೂ ಇದೇ ಕೆಲಸದಲ್ಲಿ ಇರುವವನು, ಎರಡನ್ನೂ ನುಡಿಸಿದ್ದೇನೆ.

ಎಷ್ಟು ಸೌಂಡ್ ಇದೆ ಅಂತ ಎಣಿಸಬೇಡಿ. ಎಸ್‌ಪಿಡಿ-30ರಲ್ಲಿ 670 ಇವೆ, ಸ್ಟೇಜ್ ಮೇಲೆ ಮುಟ್ಟೋದು ಅದರಲ್ಲಿ ಸ್ವಲ್ಪವೇ. ನಿಮ್ಮ ಸೌಂಡ್ ಎಲ್ಲಿಂದ ಬರಬೇಕು ಅನ್ನೋದೇ ಮುಖ್ಯ. 30ರಲ್ಲಿ ಒಳಗಿರುವುದಷ್ಟೇ. ಹೊರಗಿನ ರೆಕಾರ್ಡಿಂಗ್ ಹಾಕೋಕೆ ಆಗಲ್ಲ. ಪೆನ್‌ಡ್ರೈವ್‌ನಲ್ಲಿ ಮಾರುವ 'ಇಂಡಿಯನ್ ಪ್ಯಾಚ್'ಗಳೂ ಅವೇ ಸೌಂಡ್‌ಗಳ ಪಿಚ್, ಎಫೆಕ್ಟ್ ಬದಲಿಸಿ ಮಾಡಿದವು. ಎಸ್‌ಎಕ್ಸ್‌ಗೆ ನಿಮ್ಮೂರಿನ ತಮಟೆಯನ್ನೇ ರೆಕಾರ್ಡ್ ಮಾಡಿ ವೇವ್ ಫೈಲ್ ಹಾಕಬಹುದು. ಮೊದಲೇ ರೆಕಾರ್ಡ್ ಮಾಡಿದ ಹಾಡಿನ ಟ್ರ್ಯಾಕ್ ಮಿಕ್ಸರ್‌ಗೆ ಕಳಿಸಿ, ತಾಳ ಎಣಿಸುವ ಕ್ಲಿಕ್ ಮಾತ್ರ ನಿಮ್ಮ ಹೆಡ್‌ಫೋನ್‌ಗೆ ಬರುವ ಹಾಗೆ ಮಾಡಬಹುದು.

ಹಾಗಾದರೆ ಎಸ್‌ಎಕ್ಸೇ ಮೇಲಲ್ವಾ? ನನ್ನ ಕೈಗೆ ಅಲ್ಲ. ಅದರಲ್ಲಿ ಒಂದು ಪ್ಯಾಡ್‌ಗೆ ಎರಡೇ ವೇವ್ (ರೆಕಾರ್ಡಿಂಗ್). ಢೋಲಕ್‌ನಲ್ಲಿ ಮೆಲ್ಲಗೆ ಬೆರಳಾಡಿಸಿ, ತಟಕ್ಕನೆ ಥಾಪು ಕೊಡುವ ಕಡೆ ಅದೇ ರೆಕಾರ್ಡಿಂಗ್ ಸಣ್ಣದಾಗಿ, ದೊಡ್ಡದಾಗಿ ಕೇಳುತ್ತೆ, ಅಷ್ಟೇ. 30 ಆ ಸಣ್ಣ ಪೆಟ್ಟನ್ನು ಚೆನ್ನಾಗಿ ಹಿಡಿಯುತ್ತೆ. ಹೈ-ಹ್ಯಾಟ್ (ಡ್ರಮ್ ಸೆಟ್‌ನಲ್ಲಿ ಕಾಲಲ್ಲಿ ಒತ್ತುವ ಜೋಡಿ ತಾಳ) ಪೆಡಲ್‌ಗೆ ಬೇರೆ ಜ್ಯಾಕ್ ಕೂಡ ಇದೆ. ಟ್ರ್ಯಾಕ್ ಹಾಕಿ ಹಾಡಿಸುವ ತಂಡವಾದರೆ ಎಸ್‌ಎಕ್ಸ್. ಟ್ರ್ಯಾಕ್ ಇಲ್ಲದೆ ನೀವೇ ನುಡಿಸೋದಾದರೆ 30, ಅದೂ ಸೆಕೆಂಡ್ ಹ್ಯಾಂಡ್ ಸಾಕು. 2022ರಲ್ಲಿ ಬಂದ ಎಸ್‌ಎಕ್ಸ್ ಪ್ರೋ ಒಳ್ಳೆಯ ಮಾಲು, ಆದರೆ ನಮ್ಮ ಪೇಮೆಂಟ್‌ಗೆ ಅದು ಜಾಸ್ತಿಯಾಯಿತು.

ಯಾವುದೇ ತಗೊಳ್ಳಿ, ಜೊತೆಗೆ ಎರಡು ಡಿಐ ಬಾಕ್ಸ್ (ಪ್ಯಾಡ್‌ಗೂ ಮಿಕ್ಸರ್‌ಗೂ ನಡುವೆ ಹಾಕುವ ಸಣ್ಣ ಪೆಟ್ಟಿಗೆ) ಇರಲಿ. ಅದಿಲ್ಲದೆ ಮಿಕ್ಸರ್ ದೂರ ಇದ್ದರೆ ಇವುಗಳ ಲೈನ್ ಗುಂಯ್ ಅನ್ನುತ್ತೆ. ಇನ್ನೊಂದು ತಮಾಷೆ: ತಬಲಾನ ಎಡಕ್ಕೆ, ಡಗ್ಗಾನ ಬಲಕ್ಕೆ ಪ್ಯಾನ್ ಮಾಡಿ (ಅಂದರೆ ಒಂದೊಂದು ಲೈನ್‌ಗೆ ಹಂಚಿ), ಎರಡೂ ವೈರ್ ಚುಚ್ಚಿ ಕೊಟ್ಟಿರುತ್ತೀರಿ. ಸೌಂಡ್‌ನವರು ಚಾನೆಲ್ ಇಲ್ಲ ಅಂತ ಎಡದ್ದೊಂದನ್ನೇ ತಗೋತಾರೆ. ಜನರಿಗೆ ಡಗ್ಗಾ ಕೇಳೋದೇ ಇಲ್ಲ! ಒಂದೇ ಲೈನ್ ಅಂದರೆ 'ಎಲ್/ಮೋನೋ' ಜ್ಯಾಕ್‌ಗೆ ಮಾತ್ರ ಚುಚ್ಚಿ, ಇನ್ನೊಂದನ್ನು ಕಿತ್ತುಬಿಡಿ.

ಸಬ್ ವೂಫರ್ ಪಕ್ಕದಲ್ಲಿ ಸ್ಟ್ಯಾಂಡ್ ಇಡಬೇಡಿ, ಅದುರುವಿಕೆಗೇ ಪ್ಯಾಡ್ ತಾನಾಗಿ ಬಾರಿಸಿಕೊಳ್ಳುತ್ತೆ. ಬೇರೆ ಜಾಗ ಇಲ್ಲದಿದ್ದರೆ ಥ್ರೆಶೋಲ್ಡ್ (ಎಷ್ಟು ಜೋರಿನ ಪೆಟ್ಟಿಗೆ ಪ್ಯಾಡ್ ಸದ್ದು ಮಾಡಬೇಕು ಅನ್ನೋ ಸೆಟ್ಟಿಂಗ್) ಸ್ವಲ್ಪ ಏರಿಸಿ. ಕರೆಂಟ್ ಹೋಗಿ ಜನರೇಟರ್ ಬರುವಷ್ಟರಲ್ಲಿ ಪ್ಯಾಡ್ ಆಫ್ ಆಗಿ ಮತ್ತೆ ಆನ್ ಆಗುತ್ತೆ, ಹಾಡು ಅರ್ಧಕ್ಕೇ ನಿಲ್ಲುತ್ತೆ. ಕಂಪ್ಯೂಟರ್‌ಗೆ ಇಡುವ ಸಣ್ಣ ಯುಪಿಎಸ್ ಸಾಕು.

ಹಳೇದು ನೋಡೋಕೆ ಹೋದಾಗ ಹೆಡ್‌ಫೋನ್, ಕಡ್ಡಿ ಎರಡೂ ತಗೊಂಡು ಹೋಗಿ. ಒಂದೊಂದು ಪ್ಯಾಡ್‌ನ ಮೂಲೆಯಲ್ಲೂ ಮೆಲ್ಲಗೆ ಹೊಡೆದು ನೋಡಿ. ಪಕ್ಕದ ಪ್ಯಾಡ್ ಸದ್ದು ಮಾಡಿದರೆ, ಸೆಟ್ಟಿಂಗ್ ಬದಲಿಸಿದರೂ ನಿಲ್ಲದಿದ್ದರೆ, ಬಿಟ್ಟು ಬನ್ನಿ.