ಡಬ್ಬಿನ್ಯಾಗಿನ ದಂಡಿಗೆ ಬಣ್ಣ ಯಾವಾಗ?

ಪ್ರಶ್ನೆ: ಸರ್, ನಾ ಬೀದರದವ. 2020ರ ಲಾಕ್‌ಡೌನ್‌ನಾಗ ವಾರ್‌ಹ್ಯಾಮರ್ 40,000 ಅನ್ನೋ, ಪ್ಲಾಸ್ಟಿಕ್ ಸಿಪಾಯಿ ಬೊಂಬಿ ಜೋಡಿಸಿ ಬಣ್ಣ ಹಚ್ಚಿ ಟೇಬಲ್ ಮ್ಯಾಲ ಆಡೋ ಯುದ್ಧದಾಟದ ಹುಚ್ಚು ಹಿಡೀತು, ಅವಾಗಿಂದ ತರಿಸಿ ತರಿಸಿ ಈಗ ಎಣಿಸಿದ್ರ 140 ಬೊಂಬಿ ಬಣ್ಣಿಲ್ದ ಕುಂತಾವ, ಅರ್ಧ ಇನ್ನಾ ಬಿಡಿಭಾಗ ಅಂಟಿಕೊಂಡು ಬರೋ ಪ್ಲಾಸ್ಟಿಕ್ ಫ್ರೇಮಿನಿಂದನೇ ಕತ್ತರಿಸಿಲ್ಲ. ಮನಿಯಾಕಿ "ಇವಕ್ಕ ಬಣ್ಣ ಹಚ್ಚೂತನಾ ಹೊಸಾದು ಒಂದೂ ಮನಿಯಾಗ ಬರಬಾರದು" ಅಂದಾಳ. ದಿನಾ ಸಂಜಿಕ್ಕ ಅರ್ಧ ತಾಸು ಸಿಗ್ತದ, ಆದ್ರ ಯಾವುದರಿಂದ ಶುರು ಮಾಡ್ಲಿ ಅನ್ನೋದ್ರಾಗೇ ಅದು ಹೋಗ್ತದ. ಏನ್ ಮಾಡ್ಬೇಕ್ರಿ?
(ಹೆಸರು ಬ್ಯಾಡ ಅಂದವರು, ಬೀದರ)

ಉತ್ತರ: ಮನಿಯವ್ರು ಹೇಳಿದ್ದು ಖರೆ ಅದ, ನಾ ಅವರ ಕಡೀನೇ. ಇನ್ನ ನಿಮ್ಮ ವಿಷಯಕ್ಕ ಬಂದ್ರ, ನಿಮ್ಮ ಟೈಮ್ ಹೋಗೋದು ಬಣ್ಣ ಹಚ್ಚೋದ್ರಾಗ ಅಲ್ಲ, ಆರಿಸೋದ್ರಾಗ, ನೀವೇ ಬರದೀರಿ. ಅದಕ್ಕ ಮುಂದಿನ ಆಟಕ್ಕ ಟೇಬಲ್ ಮ್ಯಾಲ ಖರೇನ ಇಳಿಸೋವು ಯಾವ ಐದು ಅಂತ ಇವತ್ತೇ ನೋಡಿ ಅವನ್ನಷ್ಟೇ ಹೊರಗಿಡ್ರಿ, ಉಳದ 135 ಟ್ರಂಕಿನ್ಯಾಗ ಹಾಕಿ ಮುಚ್ಚ್ರಿ, ಕಣ್ಣಿಗೇ ಬೀಳಬಾರದು. ಐದಕ್ಕ ಹತ್ತು ಸಂಜಿ ಹಿಡಿದ್ರೂ 28 ಗುಂಪಿಗೆ 280 ಸಂಜಿ ಆಯ್ತು, ನಡುವ ಮದುವಿ, ಜಾತ್ರಿ, ಕರೆಂಟ್ ಹೋಗೋದು ಎಲ್ಲಾ ಸೇರಿದ್ರ ವರ್ಷದ ಮ್ಯಾಲ ಹೋಗ್ತದ. ಹೋಗ್ಲಿ ಬಿಡ್ರಿ, ಐದು ವರ್ಷ ಡಬ್ಬಿನ್ಯಾಗ ಕುಂತಾವಲ್ಲ.

ಬೀದರದವ್ರು ಅಂದ್ಮ್ಯಾಲ ನೀವು ಬಿದ್ರಿ ಕೆಲಸ ನೋಡಿರ್ತೀರಿ. ಅಲ್ಲಿ ಒಂದು ಹೂಜಿ ಶುರುವಿಂದ ಕೊನೀತನಾ ಒಬ್ಬನೇ ಮಾಡಿ ಇನ್ನೊಂದಕ್ಕ ಕೈ ಹಾಕೋದಿಲ್ಲ, ಎರಕ ಹೊಯ್ಯೋರು ಬ್ಯಾರೆ, ಕೆತ್ತೋರು ಬ್ಯಾರೆ, ಬೆಳ್ಳಿ ತಂತಿ ಕೂಡಿಸೋರು ಬ್ಯಾರೆ, ಸಾಮಾನು ಕೈಯಿಂದ ಕೈಗೆ ಹೋಗ್ತಾವ. ನೀವು ಒಬ್ಬರೇ ಇದ್ರೂ ಹಂಗೇ ಮಾಡ್ರಿ, ಇವತ್ತು ಐದರದೂ ಬೂಟು, ನಾಳಿ ಐದರದೂ ಬಂದೂಕು. ಒಂದು ಬಣ್ಣ ತಗದ್ರ ಐದಕ್ಕೂ ಹಚ್ಚೇ ಡಬ್ಬಿ ಮುಚ್ಚೋದು, ಐದನೇದಕ್ಕ ಬರೂದ್ರಾಗ ಮೊದಲನೇದು ಒಣಗಿರ್ತದ. ಇನ್ನೊಂದು, ಕೆತ್ತೋಕಿಂತ ಮೊದಲ ಬಿದ್ರಿಯವ್ರು ಮೈಲುತುತ್ತ ಸವರಿ ಸಾಮಾನು ತಾತ್ಕಾಲಿಕ ಕಪ್ಪು ಮಾಡ್ತಾರಲ್ಲ, ಗೆರಿ ಎದ್ದು ಕಾಣ್ಲಿ ಅಂತ, ನಾವು ಬೊಂಬಿಗೆ ಮೊದಲ ಹೊಡಿಯೋ ಅಸ್ತರ ಬಣ್ಣ, ಅಂದ್ರ ಕರೀ ಪ್ರೈಮರ್‌ದೂ ಅರ್ಧ ಕೆಲಸ ಅದೇ. ಕರೀ ಪ್ರೈಮರ್ ಒಣಗಿದ್ಮ್ಯಾಲ ಒಂದು ಹಳೇ ಮೇಕಪ್ ಬ್ರಶ್‌ಗೆ ಬಿಳಿ ಹಚ್ಚಿ, ಪೇಪರ್ ಮ್ಯಾಲ ಒರೆಸಿ ಒರೆಸಿ ಇನ್ನೇನು ಬಣ್ಣೇ ಉಳದಿಲ್ಲ ಅನಿಸಿದಾಗ ಬೊಂಬಿ ಮ್ಯಾಲ ತಿಕ್ಕ್ರಿ. ಉಬ್ಬಿದ್ದೆಲ್ಲಾ ಬೆಳ್ಳಗ, ಸಂದಿಯೆಲ್ಲಾ ಕರ್ರಗ. ಅದರ ಮ್ಯಾಲ ಕಾಂಟ್ರಾಸ್ಟ್ ಪೇಂಟ್, ಅಂದ್ರ ಸಂದಿನ್ಯಾಗ ಇಳಿದು ನಿಲ್ಲೋ ತೆಳ್ಳನ ಬಣ್ಣ, ಒಂದೇ ಕೋಟ್ ಬಿಟ್ರ ನೆರಳು ಬೆಳಕು ತಾನೇ ಬರ್ತದ. ಈ ಪೇಂಟ್ 2019ರಾಗ ಬಂತು, ಅದಕ್ಕಿಂತ ಮೊದಲ ನಾವು ತಳದ ಬಣ್ಣ, ಸಂದಿಗೆ ನೆರಳು, ಉಬ್ಬಿಗೆ ಬೆಳಕು ಅಂತ ಒಂದು ಬೊಂಬಿಗೆ ವಾರಗಟ್ಟಲೇ ಕುಂದ್ರತಿದ್ವಿ. ಕಣ್ಣಿನ ಗುಡ್ಡಿ ಬರಿಯೋ ಉಸಾಬರಿ ಬ್ಯಾಡ, ಆಡುವಾಗ ಮೂರು ಫೂಟ್ ದೂರಿಂದ ನೋಡ್ತೀವಿ. ಕ್ಯಾಪ್ಟನ್ ಒಬ್ಬಂದು ಮಾತ್ರ ಮನಸಿಟ್ಟು ಮಾಡ್ರಿ, ಉಳದವ್ರು ಸಿಪಾಯಿಗಳು, ಮೊದಲನೇ ರೌಂಡಿಗೇ ಸಾಯೋರು.

ಸ್ಪ್ರೇ ಪ್ರೈಮರ್ ಹೊಡಿಯೋದು ಯಾವಾಗ ಅನ್ನೋದೇ ನಮ್ಮ ಕಡೆ ದೊಡ್ಡ ಪ್ರಶ್ನೆ, ಇದನ್ನ ನೀವು ಕೇಳಿಲ್ಲ ಆದ್ರೂ ಹೇಳ್ತೀನಿ. ಮೇ ತಿಂಗಳ ಬಿಸಿಲಾಗ ಮಾಳಗಿ ಮ್ಯಾಲ ಹತ್ತು ಬೊಂಬಿ ನಿಂದ್ರಿಸಿ ನಾ ಮಧ್ಯಾಹ್ನ ಹೊಡದೆ, ಪೇಂಟು ಬೊಂಬಿ ಮುಟ್ಟೋದ್ರಾಗ ಗಾಳ್ಯಾಗೇ ಒಣಗಿ, ಮೈಯೆಲ್ಲಾ ಜ್ವಾಳದ ನುಚ್ಚು ಮೆತ್ತಿದಂಗ ಆಯ್ತು. ಮುಂಜಾನಿ ಆರರಿಂದ ಏಳರೊಳಗ ಹೊಡೀರಿ, ಡಬ್ಬಿ ಚೆಂದಂಗ ಅಲ್ಲಾಡಿಸಿ, ಒಂದು ಗೇಣಿಗಿಂತ ಸ್ವಲ್ಪ ದೂರಿಂದ, ತೆಳ್ಳಗ ಎರಡು ಸಲ. ಮಳಿಗಾಲದ ಥಂಡಿ ಗಾಳ್ಯಾಗ ಕೊನೀ ವಾರ್ನಿಶ್ ಹೊಡದ್ರ ಬೆಳ್ಳಗ ಮಂಜು ಕಟ್ಟಿದಂಗ ಆಗ್ತದ, ಅವಾಗ ಬ್ರಶ್‌ಲೇ ಹಚ್ಚೋ ವಾರ್ನಿಶೇ ಪಾಡು.

ಬೇಸ್‌ಗೆ, ಅಂದ್ರ ಬೊಂಬಿ ಕಾಲ ಕೆಳಗಿನ ಬಿಲ್ಲಿಗೆ, ಮಣ್ಣಿನಂಗ ಕಾಣ್ಲಿ ಅಂತ ಟೆಕ್ಸ್ಚರ್ ಪೇಂಟ್ ಡಬ್ಬಿ ರೊಕ್ಕ ಕೊಟ್ಟು ತರಬ್ಯಾಡ್ರಿ. ನಿಮ್ಮ ಮನಿ ಹೊರಗ ಕೆಂಪು ಮುರುಮು ಬಿದ್ದದಲ್ಲ, ಹಂಚಿನ ಮ್ಯಾಲ ಹುರಿದು ಚಾ ಸೋಸೋ ಜರಡಿಲೇ ಸೋಸಿ ಫೆವಿಕಾಲ್ ಮ್ಯಾಲ ಉದುರಿಸ್ರಿ, ಮಂಗಳ ಗ್ರಹ ರೆಡಿ. ನಾ ಕಲಬುರಗ್ಯಾಗ ಎರಿ ಮಣ್ಣು ಹಾಕ್ತೀನಿ, ಬಂಡೆಗಲ್ಲಿನಂಗ ಕಾಣ್ಲಿ ಅಂತ ಶಹಾಬಾದ ಕಲ್ಲಿನ ಚೂರು. ಮಣ್ಣೆತ್ತಿನ ಅಮಾಸಿಗೆ ನಮ್ಮವ್ವ ಎತ್ತು ಮಾಡಿ ಉಳದ ಮಣ್ಣು ಕೇಳಿದ್ರ "ಈ ರಾಕ್ಷಸಗೋಳಿಗೆ ದೇವರ ಮಣ್ಣು ಬ್ಯಾಡ" ಅಂತ ಬೈದಿದ್ಲು, ಆಮ್ಯಾಲ ಕೊಟ್ಲು.

ಮುಚ್ಚಿದ ಟ್ರಂಕಿನ್ಯಾಗ ಎಂದೂ ಆಡಲಾರದ ಡಬ್ಬಿ ಇದ್ರ, ಫ್ರೇಮ್ ಕತ್ತರಿಸೋದ್ರೊಳಗ ಮಾರಿಬಿಡ್ರಿ. ಹಂಗೇ ಇದ್ದದ್ದಕ್ಕ ರೇಟ್ ಬರ್ತದ, ಅರ್ಧ ಅಂಟಿಸಿದ್ದಕ್ಕ ಯಾರೂ ಕೇಳೋದಿಲ್ಲ.

ಪ್ರಶ್ನೆ: ಅಕ್ರಿಲಿಕ್ ಬಣ್ಣ ಪ್ಲೇಟಿಗೆ ಹಾಕಿ ಐದು ನಿಮಿಷಕ್ಕೇ ಒಣಗಿ ಚರ್ಮ ಕಟ್ತದ. ಡಬ್ಬಿ ಖರಾಬ್ ಅದ ಏನ್ರಿ?
(ಓದುಗರು, ಯಾದಗಿರಿ)

ಉತ್ತರ: ಡಬ್ಬಿ ಚಲೋನೇ ಅದ, ನೀವು ಫ್ಯಾನ್ ಕೆಳಗ ಕುಂತೀರಿ. ಒಂದು ಅಗಲ ಟಿಫಿನ್ ಡಬ್ಬಿನ್ಯಾಗ ಪಾತ್ರಿ ತಿಕ್ಕೋ ಸ್ಪಂಜ್ ಇಲ್ಲಾ ಟಿಶ್ಯೂ ನಾಕು ಮಡಕಿ ಮಾಡಿ ತೋಯಿಸಿ ಹಾಸ್ರಿ, ಮ್ಯಾಲ ಬೇಕಿಂಗ್ ಪೇಪರ್, ಅದರ ಮ್ಯಾಲ ಬಣ್ಣ. ಮುಚ್ಚಿಟ್ರ ನಾಳಿಗೂ ಹಸೀನೇ ಇರ್ತದ. ನೀರು ಮಾತ್ರ ಎರಡು ದಿನಕ್ಕೊಮ್ಮಿ ಬದಲಿ ಮಾಡ್ರಿ, ಇಲ್ಲಂದ್ರ ಬೂಸು ಬಂದು ಡಬ್ಬಿ ತಗದಕೂಡ್ಲೇ ಮೂಗು ಮುಚ್ಚಬೇಕಾಗ್ತದ. ಬಣ್ಣ ನೀರು ಮಜ್ಜಗಿಯಷ್ಟು ತೆಳ್ಳಗಿದ್ರ ಸಾಕು, ಎರಡು ಕೋಟ್ ಹಚ್ಚ್ರಿ.

ಪ್ರಶ್ನೆ: ದಪ್ಪಗ ಬಣ್ಣ ಹಚ್ಚಿ ಮುಖಾನೇ ಕಾಣಲಾರದಂಗ ಆಗ್ಯಾವ. ಪೇಂಟರ್‌ಗಳ ತಿನ್ನರ್‌ನಾಗ ಹಾಕಿದ್ರ ಬಣ್ಣ ಬಿಡ್ತದೇನು?
(ಕಾಲೇಜು ಹುಡುಗ, ಕಲಬುರಗಿ)

ಉತ್ತರ: ಬಣ್ಣಾನೂ ಬಿಡ್ತದ, ಬೊಂಬೀನೂ ಬಿಡ್ತದ ತಮ್ಮಾ. ಈ ಬೊಂಬಿ ಪಾಲಿಸ್ಟೈರೀನ್ ಪ್ಲಾಸ್ಟಿಕ್, ಎನ್‌ಸಿ ತಿನ್ನರ್, ಅಸಿಟೋನ್ ಎರಡೂ ಅದನ್ನ ಕರಗಿಸ್ತಾವ. ನಾ ಒಮ್ಮಿ ಮೂರು ಬೊಂಬಿ ಉಪ್ಪಿನಕಾಯಿ ಬಾಟಲಿನ್ಯಾಗ ತಿನ್ನರ್ ಹಾಕಿ ಮುಳಗಿಸಿ ಊಟ ಮಾಡಿ ಬಂದೆ, ತಗದು ನೋಡಿದ್ರ ಹೆಲ್ಮೆಟ್ಟು ಭುಜಾ ಎಲ್ಲಾ ಬಿಸಿಲಿಗಿಟ್ಟ ಬೆಲ್ಲದಂಗ ಜಿಗಿಜಿಗಿ, ಚಮಚಾಲೇ ಎತ್ತಿದ್ರ ತಂತಿ ಎಳೀತಿತ್ತು. ಮೊಬೈಲ್ ರಿಪೇರಿಯವ್ರು ವಾಪರಸೋ ಐಸೋಪ್ರೊಪೈಲ್ ಆಲ್ಕೋಹಾಲ್ ತಗೋ, ಅದ್ರಾಗ ನೆನಸಿ ಹಳೇ ಹಲ್ಲುಜ್ಜೋ ಬ್ರಶ್‌ಲೇ ತಿಕ್ಕು, ಆಮ್ಯಾಲ ಸೋಪಿನ ನೀರಿನ್ಯಾಗ ತೊಳಿ. ಗ್ಲೌಸ್ ಹಾಕೋ, ಕಿಡಕಿ ತಗದಿಡು, ಅಡಿಗಿ ಮನ್ಯಾಗ ಒಲಿ ಮುಂದ ಮಾಡಬ್ಯಾಡ, ಭಗ್ ಅಂತ ಹತ್ತಿಕೊಳ್ತದ. ನನ್ನ ಆ ಮೂರು ಬೊಂಬಿ ಒಗೀಲಿಲ್ಲ, ಹಸಿರು ಬಣ್ಣ ಹಚ್ಚಿ ನಮ್ಮ ಕ್ಯಾಪ್ಟನ್ ಬೂಟಿನ ಕೆಳಗ ಅಂಟಿಸೀನಿ, ನೋಡಿದವ್ರೆಲ್ಲಾ ಯಾವ ಕಂಪನಿದು ಈ ರಾಕ್ಷಸ ಅಂತ ಕೇಳ್ತಾರ.