ಪ್ರಶ್ನೋತ್ತರ: ಮಡಚುವ ಚಾಕುವಿನಿಂದ ಮೀಟಬಹುದೆ?

ಪ್ರಶ್ನೆ: ನಮ್ಮ ತಂದೆಯವರು ಇಪ್ಪತ್ತು ವರ್ಷ ಬಳಸಿದ ಮಡಚುವ ಚಾಕು ನನ್ನ ಕೈಗೆ ಬಂದು ಎರಡು ತಿಂಗಳೂ ಆಗಿಲ್ಲ. ಮೊನ್ನೆ ಬಣ್ಣದ ಡಬ್ಬಿಯ ಮುಚ್ಚಳವನ್ನು ಅದರ ತುದಿಯಿಂದ ಮೀಟುವಾಗ ಅಕ್ಕಿಕಾಳಿನಷ್ಟು ಮೊನೆ ಮುರಿದು ಹಾರಿಹೋಯಿತು. ಉಕ್ಕು ಕಳಪೆಯದೆ? ಇದನ್ನು ಸರಿಪಡಿಸಬಹುದೆ? (ಹೊಸನಗರದ ಓದುಗರು)

ಉತ್ತರ: ಉಕ್ಕು ಮೆದುವಾಗಿದ್ದರೆ ಮೊನೆ ಬಾಗುತ್ತಿತ್ತು; ಮುರಿದಿದೆಯೆಂದರೆ ಹರಿತ ನಿಲ್ಲುವಷ್ಟು ಗಡಸುತನ ಅದಕ್ಕಿದೆ ಎಂದೇ ತಿಳಿಯಬೇಕು. ಇಪ್ಪತ್ತು ವರ್ಷ ಬಾಳಿದ ಚಾಕುವನ್ನು ಕಳಪೆಯೆನ್ನಲು ನನಗಂತೂ ಮನಸ್ಸು ಬರುವುದಿಲ್ಲ. ತಪ್ಪಿದ್ದದ್ದು ನೀವು ಬಲ ಹಾಕಿದ ದಿಕ್ಕಿನಲ್ಲಿ. ನಮ್ಮ ಕಡೆ ಹಳ್ಳಕ್ಕೆ ಸಂಕ (ಕಾಲುಸೇತುವೆ) ಹಾಕಿದವರಿಗೆ ಇದು ಹೊಸ ಮಾತಲ್ಲ: ಅಡಿಕೆ ಮರ ಸೀಳಿದ ದಬ್ಬೆಯನ್ನು ಅಂಗಾತ ಹಾಸಿ ಕಾಲಿಟ್ಟರೆ ಅದು ತೂಗಾಡುತ್ತದೆ, ಅದೇ ದಬ್ಬೆಯನ್ನು ಅಂಚಿನ ಮೇಲೆ ನಿಲ್ಲಿಸಿ ಕಟ್ಟಿದರೆ ಅಷ್ಟೇ ಭಾರವನ್ನು ಅಲುಗಾಡದೆ ಹೊರುತ್ತದೆ. ಚಾಕುವಿನ ಅಲಗೂ ಇಂಥದ್ದೇ ಒಂದು ಪಟ್ಟಿ. 15 ಮಿಲಿಮೀಟರ್ ಅಗಲ, 2 ಮಿಲಿಮೀಟರ್ ದಪ್ಪದ ಪಟ್ಟಿಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ, ಕತ್ತರಿಸುವ ದಿಕ್ಕಿನಲ್ಲಿ ಅದು ಬಾಗದೆ ನಿಲ್ಲುವ ಶಕ್ತಿಯು ಅಡ್ಡ ದಿಕ್ಕಿನಲ್ಲಿರುವುದಕ್ಕಿಂತ ಐವತ್ತು ಪಟ್ಟಿಗೂ ಹೆಚ್ಚು. ನಿಜವಾದ ಅಲಗು ಬಾಯಿಯ, ಅಂದರೆ ಹರಿತವಾದ ಅಂಚಿನ, ಕಡೆಗೂ ತುದಿಯ ಕಡೆಗೂ ತೆಳುವಾಗುತ್ತಾ ಹೋಗುವುದರಿಂದ ಮೊನೆಯಲ್ಲಿ ಈ ಶಕ್ತಿ ಇನ್ನೂ ಕಡಿಮೆ. ಮೀಟುವುದೆಂದರೆ ಇಡೀ ಬಲವನ್ನು ಆ ಅತ್ಯಂತ ತೆಳುವಾದ ಜಾಗಕ್ಕೆ ಅಡ್ಡಲಾಗಿ ಹೇರುವುದು. ಮುಚ್ಚಳಕ್ಕೆ ಹಳೆಯ ಚಮಚದ ಹಿಡಿಯೋ ಅಗಲ ಬಾಯಿಯ ಸ್ಕ್ರೂಡ್ರೈವರೋ ಸಾಕಾಗಿತ್ತು.

ಸರಿಪಡಿಸುವುದು ಕಷ್ಟವಲ್ಲ, ಆದರೆ ಎಲ್ಲಿ ಉಜ್ಜಬೇಕೆಂಬುದು ಮುಖ್ಯ. ಬಾಯಿಯ ಕಡೆಯಿಂದ ಉಜ್ಜಿ ಹೊಸ ಮೊನೆ ತೆಗೆದರೆ ಅದು ಅಲಗಿನ ಬೆನ್ನಿನ ಕಡೆಗೆ ಸರಿಯುತ್ತದೆ. ಆಗ ಚಾಕು ಮಡಚಿದಾಗಲೂ ತುದಿ ಹಿಡಿಯಿಂದ ಹೊರಗೆ ಉಳಿದು ಕಿಸೆಯನ್ನೂ ಬೆರಳನ್ನೂ ಗೀರುತ್ತದೆ. ಆದ್ದರಿಂದ ಬೆನ್ನಿನ ಕಡೆಯಿಂದ ಉಜ್ಜಿ, ಮೊನೆಯನ್ನು ಬಾಯಿಯ ಸಾಲಿಗೆ ಇಳಿಸಿರಿ. ಸಾಣೆಕಲ್ಲಿಗೆ ನೀರು ಹಾಕಿ ಕೈಯಲ್ಲೇ ಉಜ್ಜಿದರೆ ಅರ್ಧ ಗಂಟೆಯ ಕೆಲಸ. ಗ್ರೈಂಡರಿಗೆ ಒಣದಾಗಿ ಹಿಡಿಯಬೇಡಿ. ಉಕ್ಕಿನ ಮೇಲೆ ಮೊದಲು ಹುಲ್ಲಿನ ಹಳದಿ, ಆಮೇಲೆ ನೀಲಿ ಬಣ್ಣ ಏರುತ್ತದೆ. ನೀಲಿ ಬಂದಿತೆಂದರೆ ಆ ಭಾಗ ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟಿದೆ. ಅಲ್ಲಿಗೆ ಸಾದಾ ಉಕ್ಕಿನ ಹದ ಹೋಯಿತೆಂದೇ ಲೆಕ್ಕ, ಮುಂದೆ ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ.

ಪ್ರಶ್ನೆ: ತೋಟದ ಕಪ್ಪು ಪೈಪಿಗೆ ಚಾಕುವಿನ ತುದಿಯಿಂದ ತೂತು ಕೊರೆಯುತ್ತಿದ್ದಾಗ ಅಲಗು ತಾನಾಗಿ ಮಡಚಿಕೊಂಡು ಬೆರಳು ಕೊಯ್ದಿತು. ಲಾಕ್ ಇರುವ ಚಾಕು ಕೊಂಡರೆ ಈ ಭಯ ಇರುವುದಿಲ್ಲವೆ? (ಸಾಗರದ ಓದುಗರು)

ಉತ್ತರ: ಈ ಅಂಕಣ ಬರೆಯುವವನ ಬಲಗೈ ತೋರುಬೆರಳಿನ ಒಳಮಗ್ಗುಲಲ್ಲೂ ಅರ್ಧ ಅಂಗುಲದ ಒಂದು ಗೆರೆಯಿದೆ. ನನ್ನದೂ ಪೈಪೇ, ಮಳೆಗಾಲದ ಮೊದಲ ವಾರ, ಕೈ ಒದ್ದೆ. ಆದ್ದರಿಂದ ನಿಮಗೆ ಬುದ್ಧಿ ಹೇಳುವ ಅಧಿಕಾರ ನನಗಿಲ್ಲ, ಆದದ್ದೇನೆಂದು ಮಾತ್ರ ವಿವರಿಸುತ್ತೇನೆ.

ಸಾಮಾನ್ಯ ಮಡಚುವ ಚಾಕುವಿನಲ್ಲಿ ಅಲಗನ್ನು ಬಿಗಿಹಿಡಿಯುವ ಕೊಂಡಿ ಯಾವುದೂ ಇರುವುದಿಲ್ಲ. ಹಿಡಿಯ ಬೆನ್ನಿನಲ್ಲಿರುವ ಪಟ್ಟಿ ಸ್ಪ್ರಿಂಗ್ ಅಲಗಿನ ಬುಡದ ಚಪ್ಪಟೆ ಭಾಗವನ್ನು ಒತ್ತಿಕೊಂಡಿರುತ್ತದೆ, ಅಷ್ಟೇ. ಹಣ್ಣು ಹೆಚ್ಚುವಾಗ ಬಲ ಬಾಯಿಯ ಮೇಲೆ ಬೀಳುತ್ತದೆ. ಅದು ಅಲಗನ್ನು ಇನ್ನಷ್ಟು ತೆರೆಯುವ ಕಡೆಗೇ ತಳ್ಳುವುದರಿಂದ ಅಪಾಯವಿಲ್ಲ. ತುದಿಯನ್ನು ಚುಚ್ಚಿ ಹೊರಳಿಸುವಾಗ ಹಾಗಲ್ಲ: ಮೊನೆ ಪೈಪಿನಲ್ಲಿ ಕಚ್ಚಿಕೊಂಡು, ಕೈ ಸ್ವಲ್ಪ ಓರೆಯಾದರೂ ಬಲ ಮುಚ್ಚುವ ದಿಕ್ಕಿಗೆ ತಿರುಗುತ್ತದೆ. ಸ್ಪ್ರಿಂಗ್ ಒಮ್ಮೆ ಸೋತಿತೆಂದರೆ, ಬಾಯಿ ಬಂದು ಕೂರುವುದು ಹಿಡಿಯನ್ನು ಸುತ್ತಿದ ಬೆರಳುಗಳ ಮೇಲೆಯೇ.

ಲಾಕ್ ಇದ್ದರೆ ಖಂಡಿತ ಒಳ್ಳೆಯದು. ಫ್ರಾನ್ಸಿನ ಒಪಿನೆಲ್ ಚಾಕುಗಳಿಗೆ 1955ರಲ್ಲಿ ಬಂದ, ಕತ್ತಿನಲ್ಲಿ ತಿರುಗುವ ಲೋಹದ ಬಳೆ ಇದಕ್ಕೆ ಅತ್ಯಂತ ಸರಳವಾದ ಉಪಾಯ. ಆದರೂ ಲಾಕ್ ಎಂಬುದು ಅಚಾನಕ್ಕಾಗಿ ಮಡಚದಂತೆ ತಡೆಯುವುದಕ್ಕೆ ಇರುವುದೇ ಹೊರತು ಪೆಟ್ಟು ತಿನ್ನುವುದಕ್ಕಲ್ಲ. ಅಲಗಿನ ಬೆನ್ನಿಗೆ ಕೊಡತಿಯಿಂದ ಹೊಡೆದು ಸೌದೆ ಸೀಳುವವರನ್ನು ಕಂಡಿದ್ದೇನೆ. ಪ್ರತಿ ಪೆಟ್ಟೂ ಕೀಲಿನ ಸಣ್ಣ ರಿವಿಟ್ಟಿಗೆ ಬಿದ್ದು, ಕೆಲವೇ ದಿನಗಳಲ್ಲಿ ಅಲಗು ಪಕ್ಕಕ್ಕೆ ಲಟಲಟ ಅಲುಗಾಡತೊಡಗುತ್ತದೆ. ಲಾಕಿನ ಸಂದಿಯಲ್ಲಿ ಕಿಸೆಯ ನೂಲು, ಮಣ್ಣು ಸೇರಿದರೆ ಅದು ಪೂರ್ತಿ ಕೂರುವುದೂ ಇಲ್ಲ. ಪೈಪಿನ ತೂತಿಗೆ ಡ್ರಿಪ್ ಸಾಮಾನಿನ ಅಂಗಡಿಯಲ್ಲಿ ಪಂಚ್ ಸಿಗುತ್ತದೆ, ಅದನ್ನು ತನ್ನಿ.

ಪ್ರಶ್ನೆ: ಸ್ವಿಸ್ ಚಾಕುವಿನಲ್ಲಿ ಸ್ಕ್ರೂಡ್ರೈವರ್, ಡಬ್ಬಿ ತೆರೆಯುವ ಕೊಕ್ಕೆ ಎಲ್ಲವೂ ಇರುವಾಗ ಚಾಕುವನ್ನು ಬೇರೆ ಕೆಲಸಕ್ಕೆ ಬಳಸಬಾರದು ಎನ್ನುವುದು ಹೇಗೆ? (ಭದ್ರಾವತಿಯ ಓದುಗರು)

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಉತ್ತರವಿದೆ. 1891ರ ಹೊತ್ತಿಗೆ ಸ್ವಿಸ್ ಸೈನಿಕರ ಕೈಸೇರಿದ ಆ ಚಾಕುವಿನಲ್ಲಿ ಅಲಗಿನ ಜೊತೆಗೆ ಸ್ಕ್ರೂಡ್ರೈವರ್, ಡಬ್ಬಿ ತೆರೆಯುವ ಕೊಕ್ಕೆ, ತೂತು ಕೊರೆಯುವ ಸಲಾಕೆ ಬೇರೆಬೇರೆಯಾಗಿಯೇ ಇದ್ದವು. ಬಂದೂಕನ್ನು ಬಿಚ್ಚಿ ಜೋಡಿಸಬೇಕು, ಡಬ್ಬಿಯ ಊಟ ತೆರೆಯಬೇಕು ಎಂಬುದನ್ನು ತಿಳಿದೇ ಮಾಡಿದವರು, ಆ ಕೆಲಸಗಳನ್ನು ಅಲಗಿನ ತಲೆಗೆ ಕಟ್ಟಲಿಲ್ಲ. ನಮ್ಮ ಕಸಿ ಚಾಕುಗಳೂ ಹೀಗೆಯೇ: ತೊಗಟೆ ಸೀಳುವುದಕ್ಕೆ ಅಲಗು, ಸೀಳಿದ ತೊಗಟೆಯನ್ನು ಎಬ್ಬಿಸುವುದಕ್ಕೆ ಹಿತ್ತಾಳೆಯದೋ ಪ್ಲಾಸ್ಟಿಕ್ಕಿನದೋ ಮೊಂಡು ನಾಲಗೆ.

ಪ್ರಶ್ನೆ: ಹಾಗಾದರೆ ಕತ್ತರಿಸುವುದನ್ನು ಬಿಟ್ಟು ಬೇರೇನನ್ನೂ ಮಾಡಲೇಬಾರದೆ? ಮಳೆಗಾಲದಲ್ಲಿ ಕಾಲಿಗೆ ಹತ್ತಿದ ಇಂಬಳವನ್ನು (ಜಿಗಣೆಯನ್ನು) ನಾನು ಚಾಕುವಿನಿಂದಲೇ ತೆಗೆಯುತ್ತೇನೆ. (ತೀರ್ಥಹಳ್ಳಿಯ ಓದುಗರು)

ಉತ್ತರ: ಬಲ ಬೇಡದ ಕೆಲಸಗಳೆಲ್ಲ ನಡೆಯುತ್ತವೆ. ಬೂಟಿನ ಕೆಸರು ಕೆರೆಯುವುದಕ್ಕೆ, ಒಣಗಿದ ಅಂಟು ಎಬ್ಬಿಸುವುದಕ್ಕೆ ಅಲಗಿನ ಬೆನ್ನು ಸಾಕು. ಬಾಯಿಯಿಂದ ಕೆರೆದರೆ ಹರಿತ ಒಂದೇ ದಿನಕ್ಕೆ ಮಡಚಿಕೊಳ್ಳುತ್ತದೆ. ಇಂಬಳಕ್ಕೂ ಅಷ್ಟೇ, ಹರಿತದ ಕಡೆಯನ್ನು ಚರ್ಮದ ಹತ್ತಿರ ತರಬೇಡಿ. ಉಗುರನ್ನೋ ಅಲಗಿನ ಬೆನ್ನನ್ನೋ ಚರ್ಮಕ್ಕೆ ಒತ್ತಿ, ಇಂಬಳದ ಸಣ್ಣ ತುದಿಯಲ್ಲಿರುವ ಬಾಯಿಯ ಕೆಳಗೆ ಮೆಲ್ಲಗೆ ಜಾರಿಸಿದರೆ ಹಿಡಿತ ಸಡಿಲುತ್ತದೆ, ಬಳಿಕ ಇನ್ನೊಂದು ತುದಿ. ಇಂಬಳಕ್ಕೆಂದು ಉಪ್ಪಿನ ಗಂಟನ್ನೂ ಒಯ್ಯುವವರಾದರೆ ಅದನ್ನು ಚಾಕುವಿರುವ ಕಿಸೆಯಲ್ಲಿ ಇಡಬೇಡಿ. ನಮ್ಮ ಮಳೆಗೆ ಉಪ್ಪು ನೀರೊಡೆದು ಕೀಲಿನೊಳಗೆ ಇಳಿದರೆ, ತುಕ್ಕು ಹಿಡಿಯದ ಉಕ್ಕೆಂದು ಕೊಂಡದ್ದರಲ್ಲೂ ಚುಕ್ಕೆ ಚುಕ್ಕೆಯಾಗಿ ತುಕ್ಕು ಏಳುತ್ತದೆ.